ಗಿರಿಯ ಬೆನ್ನಿಗೆ ಕಾರಣ ಯಾರು

ಬೆಳಗ್ಗೆ ಎದ್ದು ನೆಟ್ಟಗಾಗುವುದಕ್ಕೆ ಗಿರಿಗೆ ಒಂದು ಗಂಟೆ ಹಿಡಿಯುತ್ತಿತ್ತು. ಮೊದಲು ಮಗ್ಗುಲಾಗಬೇಕು, ಆಮೇಲೆ ಮಂಚದ ಅಂಚು ಹಿಡಿದು ಕಾಲು ಇಳಿಬಿಡಬೇಕು, ಆಮೇಲೆ ಗೋಡೆಗೆ ಅಂಗೈ ಕೊಟ್ಟು ಅಂಗುಲ ಅಂಗುಲವಾಗಿ ಮೇಲೇಳಬೇಕು. ಅಷ್ಟರಲ್ಲಿ ಮಸೀದಿಯ ಬೆಳಗಿನ ಪ್ರಾರ್ಥನೆ ಮುಗಿದು, ಪಕ್ಕದ ಮನೆಯವರು ಸೋಯಾಕಾಳಿನ ಟೆಂಪೆ ಕರಿದು ತಿಂದು ಕೈತೊಳೆದು ಕೆಲಸಕ್ಕೆ ಹೊರಟಿರುತ್ತಿದ್ದರು. ಅವನಿಗೇನು ಮುಪ್ಪು ಬಂದಿರಲಿಲ್ಲ. ಇನ್ನೂ ಇಪ್ಪತ್ತಾರು.

ಆ ನೋವಿನ ಸ್ವಭಾವವೇ ತಿರುಗಾಮುರುಗಾ. ಮಲಗಿದರೆ ಜಾಸ್ತಿ, ಓಡಾಡಿದರೆ ಕಮ್ಮಿ. ಜಾವಾದ ಕ್ಲಾತೆನ್ ಸುತ್ತಿನ ಹಳ್ಳಿಗಳಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುವುದು ಅವನ ಕಸುಬು. ಹತ್ತು ಗಂಟೆಯ ಹೊತ್ತಿಗೆ ಹಳೇ ಕಬ್ಬಿಣದ ಮಿಷನ್ನನ್ನೇ ಎತ್ತಿ ಮೋಟರ್ ಬೈಕಿನ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಅದನ್ನು ಕಂಡವರು ಬೆಳಗಿನ ನೋವನ್ನು ನಂಬುವುದಾದರೂ ಹೇಗೆ?

"ದುಡಿದ್ರೆ ವಾಸಿ, ಬಿದ್ಕೊಂಡ್ರೆ ಜಾಸ್ತಿ," ಎಂದು ಅವನ ತಾಯಿ ಬು ತುಮಿನಿ ಒಲೆ ಮುಂದೆ ಕೂತು ಹೇಳುತ್ತಿದ್ದಳು. "ಇಂಥಾ ಒಳ್ಳೇ ಕಾಯಿಲೆ ನಿಮ್ಮಪ್ಪನಿಗೆ ಬರಬಾರದಾಗಿತ್ತಾ?"

ಅಪ್ಪ ಪಾಕ್ ಸಲಿಮಾನ್ ಜಗಲಿಯಲ್ಲಿ ತನ್ನ ಬೆಳವದ ಹಕ್ಕಿಗಳ ಪಂಜರ ಒರೆಸುತ್ತಾ ಏನೂ ಕೇಳಿಸದವನ ಹಾಗೆ ಸಿಳ್ಳೆ ಹಾಕುತ್ತಿದ್ದ.

ನೋವು ಒಂದೇ ಆದರೂ ಕಾರಣ ತಲೆಗೊಂದು ಇತ್ತು. ಬು ತುಮಿನಿಗೆ ಅನುಮಾನವೇ ಇರಲಿಲ್ಲ: ಹೊತ್ತು ಮುಳುಗಿದ ಮೇಲೆ ತಣ್ಣೀರು ಸ್ನಾನ, ಅದರಿಂದ ಮೈಯೊಳಗೆ ಗಾಳಿ ಹೊಕ್ಕಿದೆ. ವಾರಕ್ಕೆರಡು ಸಲ ಮಗನನ್ನು ಬೋರಲು ಮಲಗಿಸಿ, ಬೆನ್ನಿಗೆ ಎಣ್ಣೆ ಸವರಿ, ನಾಣ್ಯದ ಅಂಚಿನಿಂದ ಕೆರೆಯುತ್ತಿದ್ದಳು. ಗಾಳಿ ಹೋಯಿತೋ ಬಿಟ್ಟಿತೋ, ಬೆನ್ನಂತೂ ಕೆಂಪು ಪಟ್ಟೆಯ ಮಗ್ಗದ ಬಟ್ಟೆಯ ಹಾಗಾಗುತ್ತಿತ್ತು. ಮೈ ತಿಕ್ಕುವ ಮುದುಕ ವಿರ್ಯೊ ಬಂದು, ಹೆಬ್ಬೆರಳಿನಿಂದ ಒಂದೇ ಸಲ ಒತ್ತಿ, "ನರ ದಾರಿ ತಪ್ಪಿದೆ" ಎಂದ. ದಾರಿಗೆ ತರಲು ಹೋಗಿ ಗಿರಿಯನ್ನು ಎರಡು ದಿನ ಮಿಸುಕದ ಹಾಗೆ ಮಾಡಿ ಹೋದ. ಜಾಮು ಕಷಾಯ ಮಾರುವವಳು ಬಾಟಲಿ ಬುಟ್ಟಿ ಇಳಿಸಿ, "ಮದುವೆ ತಡ ಆಯ್ತು ಅಣ್ಣ, ಅಷ್ಟೇ" ಎಂದು ನಕ್ಕಳು.

ಮಸೀದಿಯಲ್ಲಿ ಇನ್ನೊಂದು ಕಥೆ. ಬಾಗಿ ಏಳಲು ಆಗದವರಿಗೆಂದು ಹಿಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿರುತ್ತಾರೆ. ಎಪ್ಪತ್ತು ದಾಟಿದವರ ಆ ಸಾಲಿನಲ್ಲಿ ಗಿರಿಯೂ ಶುಕ್ರವಾರ ಶುಕ್ರವಾರ ಕೂರತೊಡಗಿದ. ಮುದುಕರು ಮೊದಲು ದುರುಗುಟ್ಟಿ ನೋಡಿದರು. ಆಮೇಲೆ ಹೊಸ ಸೊಸೆಯನ್ನು ಒಳಗೆ ಕರೆದುಕೊಳ್ಳುವ ಹಾಗೆ ಕರೆದುಕೊಂಡರು. ಯಾವ ಮುಲಾಮು ಉರಿಯುತ್ತೆ, ಯಾವುದು ಬರೀ ವಾಸನೆ ಎಂಬುದನ್ನೆಲ್ಲ ಹೇಳಿಕೊಟ್ಟರು. "ನಿನ್ನ ವಯಸ್ಸಿಗೆ ನಮಗೆ ಹಲ್ಲುನೋವೂ ಇರಲಿಲ್ಲ" ಎಂದು ಒಬ್ಬ ಮುದುಕ ಹೇಳಿದಾಗ ಅದರಲ್ಲಿ ಕನಿಕರಕ್ಕಿಂತ ಮೆಚ್ಚುಗೆಯೇ ಹೆಚ್ಚಿದ್ದಂತೆ ಗಿರಿಗೆ ಕೇಳಿಸಿತು.

ಎಲ್ಲರ ಕಾರಣವನ್ನೂ ಮೂಲೆಗೆ ತಳ್ಳಿದವನು ದೊಡ್ಡಪ್ಪ ಕಾರ್ಸೊ. ಅಪ್ಪನ ಅಣ್ಣ, ಮನೆತನದ ಹಿರಿಯ, ಮಾತಿನ ಮಲ್ಲ. ಒಂದು ಭಾನುವಾರ ಬಂದು, ಚಹಾ ಕುಡಿದು, ಲೋಟ ಕೆಳಗಿಟ್ಟು ಹೇಳಿದ: "ಹೆಸರು ಭಾರ ಆಗಿದೆ."

ಗಿರಿಯ ಪೂರ್ತಿ ಹೆಸರು ಗಿರಿಪತಿ ವಹ್ಯು ಬುವೊನೊ. ಬೆಟ್ಟಗಳ ಒಡೆಯ, ಅದರ ಮೇಲೆ ದೇವರ ವರ, ಅದರ ಮೇಲೆ ಇಡೀ ಭುವನ.

"ಹೊಲಿಗೆ ಮಿಷನ್ ರಿಪೇರಿಯವನು ಬೆಟ್ಟಾನೂ ಭುವನಾನೂ ಹೊತ್ಕೊಂಡು ತಿರುಗಿದ್ರೆ ಸೊಂಟ ಉಳಿಯುತ್ತಾ?" ಎಂದ ದೊಡ್ಡಪ್ಪ.

"ಇಟ್ಟೋರು ಯಾರು?" ಎಂದಳು ಬು ತುಮಿನಿ.

"ನಾನೇ ಇಟ್ಟೆ. ಆಗ ಮಗು ದಷ್ಟಪುಷ್ಟವಾಗಿತ್ತು. ತಡಕೊಳ್ಳುತ್ತೆ ಅಂದ್ಕೊಂಡೆ."

ಕೆಂಪು ಬಿಳಿ ಗಂಜಿ ಮಾಡಿ ಊರವರಿಗೆ ಹಂಚಿ, ಅವನಿಗೆ ವಲುಯೊ ಎಂದು ಹೊಸ ಹೆಸರಿಟ್ಟರು. ವಲುಯೊ ಅಂದರೆ ಸ್ವಸ್ಥ. ಗಂಜಿ ತಿಂದ ಊರವರು ಮರುದಿನವೇ ಅದನ್ನು ಮರೆತು ಗಿರಿ ಎಂದೇ ಕರೆದರು. ಬೆನ್ನೂ ಹಳೇ ಹೆಸರಿಗೇ ಓಗೊಟ್ಟಿತು.

ಈ ತನಕ ಅದು ಬರೀ ನೋವು. ನೋವಿನ ಜೊತೆಗೆ ಮರ್ಯಾದೆಯ ಪ್ರಶ್ನೆ ಸೇರಿಕೊಂಡದ್ದು ಹೆಣ್ಣು ಕೇಳಲು ಹೋದ ದಿನ.

ಹುಡುಗಿ ನಿಂಗ್ರುಮ್, ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯವರ ಮೇಲ್ವಿಚಾರಕಿ. ಕೆಟ್ಟ ಮಿಷನ್‌ಗಳ ನೆಪದಲ್ಲಿ ಎರಡು ವರ್ಷದಿಂದ ಇಬ್ಬರಿಗೂ ಮಾತು ಬೆಳೆದಿತ್ತು. ಅವಳಿಂದ ಏನೂ ತೊಡಕಿರಲಿಲ್ಲ. ತೊಡಕು ಅವಳ ಅಪ್ಪ ಪಾಕ್ ದರ್ಮಾಜಿ. ನಿವೃತ್ತ ಹೆಡ್‌ಮಾಸ್ತರು. ಸುತ್ತ ಹತ್ತೂರ ಮದುವೆಗಳಲ್ಲಿ ಜರತಾರಿ ಅಂಗಿ ತೊಟ್ಟು, ಯಾರು ಎಲ್ಲಿ ಕೂರಬೇಕು, ಯಾರು ಯಾರಿಗೆ ಎಷ್ಟು ಬಾಗಬೇಕು ಎಂದು ಅರಮನೆಯ ಭಾಷೆಯಲ್ಲಿ ಅಪ್ಪಣೆ ಕೊಡುವವರು. ಜಾವಾದಲ್ಲಿ ಕೂತ ಹಿರಿಯರ ಮುಂದೆ ಹಾದುಹೋಗುವಾಗ ಸೊಂಟ ಬಗ್ಗಿಸಿ, ಬಲಗೈ ಮುಂದೆ ಚಾಚಿ ತಗ್ಗಿ ನಡೆಯಬೇಕು. ಎಳೆಮಕ್ಕಳೂ ನಡೆಯುತ್ತವೆ. ಪಾಕ್ ದರ್ಮಾಜಿಯವರ ಮನೆಯ ಬೆಕ್ಕೂ ಹಾಗೇ ನಡೆಯುತ್ತೆ ಅಂತ ನಿಂಗ್ರುಮ್ ಹೇಳುತ್ತಿದ್ದಳು.

ಆ ಬೆಳಗ್ಗೆ ಕಾರಿನಲ್ಲಿ ಒಂದೂವರೆ ಗಂಟೆ ಮುದುರಿ ಕೂತು ಬಂದಿದ್ದ ಗಿರಿ ಇಳಿಯುವಾಗಲೇ ಮರಗಟ್ಟಿ ಹೋಗಿದ್ದ. ಹನ್ನೆರಡು ಜನ ಹಿರಿಯರು ಚಾಪೆಯ ಮೇಲೆ ಕೂತಿದ್ದರು. ಅವರೆಲ್ಲರ ಮುಂದೆ, ಒನಕೆ ನುಂಗಿದವನ ಹಾಗೆ, ತಲೆಯೆತ್ತಿಕೊಂಡು ಆ ತುದಿಯಿಂದ ಈ ತುದಿಗೆ ನಡೆದ. ಕೈಯನ್ನೇನೋ ಚಾಚಿದ್ದ. ಬೆನ್ನು ಬಗ್ಗದೆ ಕೈ ಮಾತ್ರ ಚಾಚಿದರೆ ಟ್ರಾಫಿಕ್ ಪೊಲೀಸನ ಹಾಗೆ ಕಾಣುತ್ತದೆ. ಒಬ್ಬ ಮುದುಕ ನಿಜಕ್ಕೂ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಪಾಕ್ ದರ್ಮಾಜಿ ಬೈಯಲಿಲ್ಲ. ಬೈಯುವುದು ಸಂಸ್ಕಾರವಲ್ಲ. ಚಹಾ ಕೊಡಿಸಿದರು, ಬಾಳೆಹಣ್ಣಿನ ಬಜ್ಜಿ ತಿನ್ನಿಸಿದರು, ಮಳೆಯ ಬಗ್ಗೆ ಮಾತಾಡಿದರು. ಕೊನೆಗೆ ಹೊರಡುವಾಗ ಗದ್ದೆಯ ಕಡೆ ನೋಡುತ್ತಾ ಮೆಲ್ಲಗೆ ಹೇಳಿದರು: "ಈ ಸಲ ಬೆಳೆ ಚೆನ್ನಾಗಿದೆ. ತುಂಬಿದ ತೆನೆ ಹೇಗೆ ಬಾಗಿದೆ ನೋಡಿ. ನಡುವೆ ಒಂದೊಂದು ನೆಟ್ಟಗೆ ನಿಂತಿರುತ್ತೆ. ಅದು ಜೊಳ್ಳು."

ಊರು ಮುಟ್ಟಿದ ಮೇಲೆ ದೊಡ್ಡಪ್ಪ, "ಬೆಳೆ ವಿಷಯ ಯಾಕೆ ತೆಗೆದ್ರೋ ಅವರು?" ಎಂದ.

ಅದಾಗಿ ಮೂರು ವಾರಕ್ಕೆ ಗಿರಿಯ ಎಡಗಣ್ಣು ಕೆಂಡದ ಹಾಗೆ ಕೆಂಪಾಯಿತು. ಬೆಳಕು ನೋಡಲಾಗದು, ನೀರು ಸುರಿಯುತ್ತೆ, ಎದುರಿಗಿದ್ದದ್ದೆಲ್ಲ ಮಂಜು. ಕಣ್ಣಿನ ವಿಷಯದಲ್ಲಿ ನಾಣ್ಯದಿಂದ ಕೆರೆಯುವುದಕ್ಕೆ ಬರುವುದಿಲ್ಲವಾದ್ದರಿಂದ ಬು ತುಮಿನಿ ಅವನನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ದಳು. ಕಣ್ಣಿನ ಡಾಕ್ಟರು ಇನ್ನೂ ಚಿಕ್ಕ ಹೆಣ್ಣುಮಗಳು. ಯಂತ್ರದೊಳಗಿಂದ ಕಣ್ಣು ನೋಡಿದಳು, ಇನ್ನೊಮ್ಮೆ ನೋಡಿದಳು, ಕುರ್ಚಿ ಹಿಂದಕ್ಕೆ ಸರಿಸಿ ಕೇಳಿದಳು:

"ಬೆಳಗ್ಗೆ ಏಳುವಾಗ ಬೆನ್ನು ಹಿಡಿದುಕೊಳ್ಳುತ್ತಾ?"

ತಾಯಿ ಮಗ ಮುಖ ಮುಖ ನೋಡಿಕೊಂಡರು.

"ಓಡಾಡಿದ ಮೇಲೆ ಕಮ್ಮಿ ಆಗುತ್ತಾ? ರಾತ್ರಿ ನೋವಿಗೆ ಎಚ್ಚರ ಆಗುತ್ತಾ?"

ಬು ತುಮಿನಿ ಮಗನ ಕಿವಿಯಲ್ಲಿ, "ಇವಳಿಗೆ ಯಾರೋ ಮೈಮೇಲೆ ಬರ್ತಾರೆ ಕಣೋ," ಎಂದಳು. "ಕಣ್ಣು ನೋಡಿ ಸೊಂಟ ಹೇಳ್ತಾಳೆ. ಕಳೆದುಹೋದ ನನ್ನ ಓಲೆ ಎಲ್ಲಿದೆ ಅಂತಲೂ ಕೇಳು."

ಡಾಕ್ಟರು ಕಣ್ಣಿಗೆ ಹನಿಮದ್ದು ಕೊಟ್ಟು, ಸೊಲೊ ನಗರದ ಒಬ್ಬ ಸಂಧಿರೋಗದ ಡಾಕ್ಟರಿಗೆ ಚೀಟಿ ಬರೆದಳು. ಆ ಡಾಕ್ಟರು ವಯಸ್ಸಾದವರು, ನಿಧಾನಸ್ಥರು. ಗಿರಿಯನ್ನು ಬಗ್ಗಿಸಿ ಟೇಪಿನಿಂದ ಬೆನ್ನು ಅಳೆದರು. ಗೋಡೆಗೆ ಒರಗಿಸಿ ತಲೆ ಗೋಡೆಗೆ ಮುಟ್ಟುತ್ತಾ ನೋಡಿದರು. ರಕ್ತ ತೆಗೆಸಿದರು, ಎಕ್ಸ್‌ರೇ ಚಿತ್ರ ತೆಗೆಸಿದರು. ಮುಂದಿನ ಸಲ ಹೋದಾಗ ದೊಡ್ಡಪ್ಪನೂ ಜೊತೆಗೆ ಬಂದಿದ್ದ, ಮನೆತನದ ಪರವಾಗಿ.

"ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್," ಎಂದರು ಡಾಕ್ಟರು.

ದೊಡ್ಡಪ್ಪ ಗಿರಿಯ ಮೊಣಕೈ ತಿವಿದ. "ನಾನಿಟ್ಟ ಹೆಸರಿಗಿಂತ ಇದು ಭಾರ."

ಬೆನ್ನುಮೂಳೆಯ ಸಂಧಿವಾತ ಅದು, ಎಂದು ಡಾಕ್ಟರು ವಿವರಿಸಿದರು. ಮೈಯನ್ನು ಕಾಯಬೇಕಾದ ಕಾವಲುಪಡೆಯೇ ದಾರಿ ತಪ್ಪಿ ಸೊಂಟದ ಕೀಲುಗಳ ಮೇಲೆ ದಾಳಿ ಮಾಡುತ್ತದೆ. ಉರಿ ಹತ್ತುತ್ತದೆ. ವರ್ಷಗಟ್ಟಲೆ ಬಿಟ್ಟರೆ ಕೀಲುಗಳು ಒಂದಕ್ಕೊಂದು ಬೆಸೆದುಕೊಂಡು ಬೆನ್ನು ಬಿದಿರಿನ ಗಳದ ಹಾಗಾಗುತ್ತದೆ. ಕಣ್ಣು ಕೆಂಪಾದದ್ದೂ ಅದರದೇ ಕೈವಾಡ.

"ಅದಕ್ಕೆ ಕಾರಣ ಏನು ಸ್ವಾಮಿ?" ಎಂದಳು ಬು ತುಮಿನಿ. ಅವಳು ಬಂದದ್ದೇ ಇದಕ್ಕೆ. "ರಾತ್ರಿ ಸ್ನಾನ ತಾನೆ?"

"ಅಲ್ಲಮ್ಮ."

"ಗಾಳಿ?"

"ಗಾಳಿಯೂ ಅಲ್ಲ. ನರವೂ ಅಲ್ಲ."

"ಹೆಸರು?" ಎಂದ ದೊಡ್ಡಪ್ಪ, ಅಲ್ಲ ಎನ್ನಲಿ ಎಂಬ ಆಸೆಯಿಂದ.

ಡಾಕ್ಟರು ಕನ್ನಡಕ ತೆಗೆದರು. "ಪೂರ್ತಿ ಕಾರಣ ಯಾರಿಗೂ ಗೊತ್ತಿಲ್ಲ. ರಕ್ತದಲ್ಲಿ ಒಂದು ಗುರುತು ಬರುತ್ತೆ, ಅಪ್ಪನ ಕಡೆಯಿಂದ ಇಲ್ಲಾ ಅಮ್ಮನ ಕಡೆಯಿಂದ. ಇವನಲ್ಲಿ ಅದಿದೆ. ಹಾಗಂತ ಆ ಗುರುತು ಇದ್ದವರಿಗೆಲ್ಲ ಕಾಯಿಲೆ ಬರಲ್ಲ. ಬಹಳ ಜನಕ್ಕೆ ಬರೋದೇ ಇಲ್ಲ. ಅದರ ಜೊತೆಗೆ ಇನ್ನೇನೋ ಕೂಡಿಕೊಳ್ಳಬೇಕು. ಕರುಳಲ್ಲಿರೋ ಕ್ರಿಮಿಗಳ ಮೇಲೆ ಕೆಲವರಿಗೆ ಅನುಮಾನ, ಹಿಂದೆ ಬಂದುಹೋದ ಯಾವುದೋ ಸೋಂಕಿನ ಮೇಲೆ ಕೆಲವರಿಗೆ. ಇನ್ನೂ ಹುಡುಕ್ತಾ ಇದ್ದಾರೆ."

ಔಷಧಿ ಬರೆದರು. ದಿನಾ ಈಜು, ವ್ಯಾಯಾಮ, ಸಿಗರೇಟು ಮುಟ್ಟಕೂಡದು ಎಂದರು. ಹೊರಗೆ ಬಂದ ಮೇಲೆ ಬು ತುಮಿನಿ ಮೆಟ್ಟಿಲ ಮೇಲೆ ನಿಂತುಬಿಟ್ಟಳು.

"ಅಷ್ಟು ವರ್ಷ ಓದಿ ಗೊತ್ತಿಲ್ಲ ಅಂತಾರಲ್ಲ. ಆ ಮುದುಕ ವಿರ್ಯೊ ಶಾಲೆ ಮುಖ ನೋಡಿಲ್ಲ, ಹೆಬ್ಬೆರಳಲ್ಲಿ ಒತ್ತಿ ಹೇಳಿಬಿಟ್ಟ."

ಆದರೆ ಮನೆ ತಲುಪುವ ಹೊತ್ತಿಗೆ ಅವಳ ತಲೆಯಲ್ಲಿ ಬೇರೊಂದು ಮಾತು ಮೊಳೆತಿತ್ತು: ಅಪ್ಪನ ಕಡೆಯಿಂದ ಇಲ್ಲಾ ಅಮ್ಮನ ಕಡೆಯಿಂದ.

"ನಮ್ಮ ಕಡೆ ಎಲ್ಲರೂ ಎಂಬತ್ತರಲ್ಲೂ ನಾಟಿ ಮಾಡಿದೋರು," ಎಂದು ಅಂದು ಸಂಜೆಯೇ ಶುರುಮಾಡಿದಳು. "ಬಗ್ಗಿದ್ರೆ ಗದ್ದೆ ಮುಗಿಯೋವರೆಗೂ ಏಳ್ತಿರಲಿಲ್ಲ."

ಪಾಕ್ ಸಲಿಮಾನ್ ಪಂಜರ ಒರೆಸುವುದನ್ನು ನಿಲ್ಲಿಸಿದ. ದೊಡ್ಡಪ್ಪ ಎದ್ದು ನಿಂತ.

"ನಮ್ಮ ರಕ್ತದ ಬಗ್ಗೆ ಮಾತಾಡ್ತಿದ್ದೀಯಾ ತುಮಿನಿ? ಗೋಡೆ ಮೇಲೆ ಯಾರ ಫೋಟೋ ಇದೆ ನೋಡು."

ಗೋಡೆಯ ಮೇಲೆ ಮುತ್ತಜ್ಜ ಕ್ರೊಮೊ ಇದ್ದ. ಕಪ್ಪು ಟೋಪಿ, ಸರಳುಗಟ್ಟಿದ ಬೆನ್ನು, ದೂರ ನೋಡುವ ಕಣ್ಣು. ಮಹಾಯುದ್ಧದಲ್ಲಿ ಜಪಾನಿಯರು ಜಾವಾ ಹಿಡಿದಿದ್ದ ಕಾಲದಲ್ಲಿ ದಿನಾ ಬೆಳಗ್ಗೆ ಬಯಲಲ್ಲಿ ಜನರನ್ನೆಲ್ಲ ನಿಲ್ಲಿಸಿ, ಅವರ ಚಕ್ರವರ್ತಿ ಇರುವ ದಿಕ್ಕಿಗೆ ಬಗ್ಗಿ ವಂದಿಸಬೇಕೆಂದು ಅಪ್ಪಣೆ ಮಾಡಿದಾಗ, ಇಡೀ ಊರು ಬಗ್ಗಿತು, ಕ್ರೊಮೊ ಬಗ್ಗಲಿಲ್ಲ. 'ನನ್ನ ಬೆನ್ನು ದೇವರೊಬ್ಬನಿಗೇ ಬಾಗೋದು' ಎಂದನಂತೆ. ಪ್ರತಿ ಆಗಸ್ಟ್ ಹದಿನೇಳಕ್ಕೆ, ಸ್ವಾತಂತ್ರ್ಯದ ದಿನ, ದೊಡ್ಡಪ್ಪ ಮೈಕ್ ಹಿಡಿದು ಈ ಕಥೆ ಹೇಳುತ್ತಿದ್ದ. ಅವರ ಮನೆಯ ಓಣಿಗೆ ಊರವರು ಕ್ರೊಮೊನ ಹೆಸರನ್ನೇ ಇಟ್ಟಿದ್ದರು.

"ಆ ರಕ್ತದಲ್ಲಿ ಕಾಯಿಲೆ ಇರುತ್ತಾ?" ಎಂದ ದೊಡ್ಡಪ್ಪ.

ಮೂಲೆಯ ಮಂಚದ ಮೇಲೆ ಅಜ್ಜಿ, ಕ್ರೊಮೊನ ಮಗಳು, ಎಲೆಯಡಿಕೆ ಕುಟ್ಟುತ್ತಿದ್ದಳು. ಎಂಬತ್ತಮೂರು ವರ್ಷ. ಕಿವಿ ಬೇಕಾದಾಗ ಕೇಳಿಸುತ್ತಿತ್ತು. ಕುಟ್ಟುವುದನ್ನು ನಿಲ್ಲಿಸಿದಳು.

"ನಮ್ಮಪ್ಪನಿಗೆ ಬಗ್ಗೋಕೆ ಎಲ್ಲಿ ಬರ್ತಿತ್ತು?" ಎಂದಳು.

"ಅದೇ ಅಮ್ಮ. ಯಾರ ಮುಂದೂ ಬಗ್ಗಲಿಲ್ಲ."

"ಬಗ್ಗೋಕೆ ಆಗ್ತಿರಲಿಲ್ಲ ಅಂದೆ. ಮರದ ದಿಮ್ಮಿ ಥರ ಇದ್ದ. ಅವನ ಕಾಲು ತೊಳೀತಿದ್ದೋಳು ನಾನು. ದೇವರಿಗೂ ಬಗ್ಗಲಿಲ್ಲ ಅವನು, ಕಲ್ಲಿನ ಮೇಲೆ ಕೂತೇ ಪ್ರಾರ್ಥನೆ ಮಾಡ್ತಿದ್ದ."

ಅಜ್ಜಿ ಎಲೆಯ ಪುಡಿಯನ್ನು ಬಾಯಿಗೆ ಹಾಕಿಕೊಂಡು ಸಾವಕಾಶವಾಗಿ ಮುಂದುವರಿಸಿದಳು.

"ಮೊದಲನೇ ದಿನ ಜಪಾನಿ ಕಪಾಳಕ್ಕೆ ಹೊಡೆದ. ಅಪ್ಪ ಬಗ್ಗಲಿಲ್ಲ. ಎರಡನೇ ದಿನ ಬಂದೂಕಿನ ಹಿಡೀಲಿ ಬೆನ್ನಿಗೆ ಕೊಟ್ಟ. ಅಪ್ಪ ಹಾಗೇ, ನಿಂತ ಭಂಗೀಲೇ, ಮುಂದಕ್ಕೆ ಬಿದ್ದ. ತೆಂಗಿನಮರ ಬಿದ್ದ ಹಾಗೆ. ಆಗ ಆ ಸಿಪಾಯಿಗೂ ಗೊತ್ತಾಯ್ತು. ಮಾರನೇ ದಿನದಿಂದ ಇಬ್ಬರನ್ನ ಗೊತ್ತು ಮಾಡಿದ್ರು. ಎಲ್ಲರೂ ಬಗ್ಗೋವಾಗ ಅವರಿಬ್ಬರು ಅಪ್ಪನ್ನ ಆ ಕಡೆ ಈ ಕಡೆ ಹಿಡ್ಕೊಂಡು ಏಣಿ ಓರೆ ಮಾಡೋ ಹಾಗೆ ಓರೆ ಮಾಡೋರು. ವಂದನೆ ಮುಗಿದ ಮೇಲೆ ಎತ್ತಿ ನಿಲ್ಲಿಸೋರು. ಯುದ್ಧ ಮುಗಿಯೋ ತನಕ ದಿನಾ."

ಗಿರಿಗೆ ನಗು ಬಂತು. ನಕ್ಕರೆ ಪಕ್ಕೆಲುಬು ನೋಯುತ್ತಿತ್ತು, ಆದರೂ ತಡೆಯಲಾಗಲಿಲ್ಲ. ಫೋಟೋದ ಮುತ್ತಜ್ಜನನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದ. ಆ ನಿಲುವು ತನ್ನ ಬೆಳಗಿನ ಗೋಡೆ ಹಿಡಿದ ನಿಲುವು ಎಂದು ಈಗ ಗೊತ್ತಾಗಿತ್ತು. ಅಷ್ಟು ದಿನ ಮುದುಕರ ಕುರ್ಚಿಸಾಲಿನಲ್ಲಿ ಕೂತವನಿಗೆ ಮೊದಲ ಸಲ ತನ್ನವರೊಬ್ಬರು ಸಿಕ್ಕ ಹಾಗಾಯಿತು.

ದೊಡ್ಡಪ್ಪನಿಗೆ ಮಾತ್ರ ಕಾಲಿನ ಕೆಳಗಿನ ನೆಲವೇ ಕುಸಿದಿತ್ತು. "ಮೂವತ್ತು ವರ್ಷ ಮೈಕಲ್ಲಿ ಹೇಳಿದ್ದೀನಲ್ಲಮ್ಮ. ಒಂದು ಸಲಾನಾದ್ರೂ ಹೇಳಬಾರದಿತ್ತಾ?"

"ಯಾರು ಕೇಳಿದ್ರು? ನೀನು ಅಷ್ಟು ಖುಷಿಯಾಗಿ ಹೇಳ್ತಿದ್ದೆ," ಎಂದಳು ಅಜ್ಜಿ. "ನಿಮ್ಮ ತಾತ ಒಳ್ಳೇ ಮನುಷ್ಯ. ಜಪಾನಿ ಕಂಡ್ರೆ ಭಯ, ನಾಯಿ ಕಂಡ್ರೂ ಭಯ."

ಬು ತುಮಿನಿ ಗೆದ್ದಿದ್ದಳು. ಆದರೆ ಭಾವನ ಮುಖ ನೋಡಿ, ಗೆಲುವನ್ನು ಬಾಯಿಗೆ ತರದೆ ಅವನಿಗೆ ಇನ್ನೊಂದು ಲೋಟ ಚಹಾ ಕೊಟ್ಟಳು.

ಮುಂದಿನ ಪ್ರಶ್ನೆ, ಪಾಕ್ ದರ್ಮಾಜಿಗೆ ಹೇಳುವುದೋ ಬೇಡವೋ. ದೊಡ್ಡಪ್ಪ ಬೇಡವೆಂದ. "ಜಂಬದವನು ಅಂತ ಇರಲಿ ಬಿಡು. ಜಂಬ ಮದುವೆ ಆದ್ಮೇಲೆ ಇಳಿಯುತ್ತೆ ಅಂತ ಎಲ್ಲರಿಗೂ ಗೊತ್ತು. ಕಾಯಿಲೆ ಅಂದ್ರೆ ಬಾಗಿಲು ಹಾಕ್ತಾರೆ."

ಗಿರಿ ನಿಂಗ್ರುಮ್‌ಗೆ ಆಗಲೇ ಎಲ್ಲ ಹೇಳಿದ್ದ. ಮಕ್ಕಳಿಗೂ ಆ ಗುರುತು ಹೋಗಬಹುದು ಎಂಬುದನ್ನೂ. ಅವಳು, "ನಮ್ಮಪ್ಪನ ಗುರುತು ಹೋಗೋದಕ್ಕಿಂತ ವಾಸಿ" ಎಂದಿದ್ದಳು. ಆ ಧೈರ್ಯದ ಮೇಲೆ ಗಿರಿ ಒಂದು ಮಧ್ಯಾಹ್ನ, ಬೆನ್ನು ಸಡಿಲವಾಗಿರುವ ಹೊತ್ತು ನೋಡಿಕೊಂಡು, ಒಬ್ಬನೇ ಹೋದ. ಆದಷ್ಟು ಬಗ್ಗಿದ. ಆದದ್ದು ನಾಲ್ಕು ಬೆರಳು.

"ಮೇಷ್ಟ್ರೇ, ಆವತ್ತು ನಾನು ಬಗ್ಗದೆ ಇದ್ದದ್ದು ಸೊಕ್ಕಿನಿಂದ ಅಲ್ಲ," ಎಂದು ಶುರುಮಾಡಿ, ಕಣ್ಣು, ಚಿತ್ರ, ರಕ್ತ, ಏಣಿಯ ಹಾಗೆ ಓರೆಯಾದ ಮುತ್ತಜ್ಜ, ಹುಟ್ಟಬಹುದಾದ ಮಕ್ಕಳು, ಎಲ್ಲವನ್ನೂ ಹೇಳಿದ.

ಪಾಕ್ ದರ್ಮಾಜಿ ಬಹಳ ಹೊತ್ತು ಗಡ್ಡ ನೀವಿದರು. "ರಕ್ತದ್ದು ಅಂದ್ರೆ ಯೋಚನೆ ಮಾಡಬೇಕಾಗುತ್ತೆ," ಎಂದರು. "ಮನೆತನ ಅಂದ ಮೇಲೆ..."

ಒಳಬಾಗಿಲ ಪರದೆಯ ಹಿಂದಿನಿಂದ ಅವರ ಹೆಂಡತಿ ತಟ್ಟೆ ಹಿಡಿದು ಬಂದಳು. ಮೂವತ್ತೈದು ವರ್ಷ ಆ ಮನೆಯಲ್ಲಿ ತಗ್ಗಿ ನಡೆದವಳು, ಅಂದು ತಟ್ಟೆಯನ್ನು ನಿಂತೇ ಇಟ್ಟಳು.

"ಯಾವ ಮನೆತನದ್ದು? ನಿಮ್ಮಣ್ಣನಿಗೆ ಸಕ್ಕರೆ ಕಾಯಿಲೆ, ಕಾಲು ತೆಗೆದ್ರು. ನಿಮ್ಮಪ್ಪ ಅರವತ್ತಾದ ಮೇಲೆ ಪಕ್ಕದ ಮನೆ ಕೋಳಿಗಳಿಗೆ ಪಾಠ ಮಾಡ್ತಿದ್ರು, ಹಾಜರಿ ಕೂಗ್ತಿದ್ರು. ನಾನು ಮದುವೆಗೆ ಮುಂಚೆ ರಕ್ತ ನೋಡಿದ್ನಾ? ಈ ಹುಡುಗ ಬಂದು ಬಾಯಿಬಿಟ್ಟು ಹೇಳಿದ. ನಿಮ್ಮ ಕಡೆಯವರು ಕೋಳಿ ವಿಷಯ ಹೇಳಿದ್ರಾ?"

ಪಾಕ್ ದರ್ಮಾಜಿ ಬಜ್ಜಿಯೊಂದನ್ನು ತೆಗೆದುಕೊಂಡು ಅಗಿದರು. ಅಗಿಯುವುದು ಮುಗಿಯುವ ಹೊತ್ತಿಗೆ ಮದುವೆ ಗೊತ್ತಾಗಿತ್ತು.

ಇನ್ನು ಉಳಿದದ್ದು ಮದುವೆಯ ದಿನದ ಸುಂಕೆಮ್. ಹೊಸ ಜೋಡಿ ಮಂಡಿಯೂರಿ, ಕುರ್ಚಿಯಲ್ಲಿ ಕೂತ ಹಿರಿಯರ ಮೊಣಕಾಲಿಗೆ ಹಣೆ ಮುಟ್ಟಿಸಿ ಆಶೀರ್ವಾದ ಬೇಡುವುದು. ಅದಿಲ್ಲದೆ ಮದುವೆಯಿಲ್ಲ. ಗಿರಿ ಔಷಧಿ ಶುರುಮಾಡಿ, ದಿನಾ ಊರಾಚೆಯ ಬುಗ್ಗೆಕೊಳದಲ್ಲಿ ಈಜಿ ಮೊದಲಿಗಿಂತ ಎಷ್ಟೋ ಮೇಲಾಗಿದ್ದ. ಬೆಳಗಿನ ಒಂದು ಗಂಟೆ ಕಾಲು ಗಂಟೆಗೆ ಇಳಿದಿತ್ತು. ಮಂಡಿ ಊರಬಲ್ಲ. ಹಣೆ ಮಾತ್ರ ಅಷ್ಟು ಕೆಳಗೆ ಹೋಗದು.

ಇದನ್ನು ಪಾಕ್ ದರ್ಮಾಜಿ ತಾವೇ ತಲೆಗೆ ಹಚ್ಚಿಕೊಂಡರು. ಮೂರು ದಿನ ಟೇಪು ಹಿಡಿದು ಓಡಾಡಿದರು. ಗಿರಿಯನ್ನು ಕರೆಸಿ ಮಂಡಿಯೂರಿಸಿ ನೆಲದಿಂದ ಹಣೆಗೆ ಎಷ್ಟು ಎಂದು ಅಳೆದರು. ಬಡಗಿಯನ್ನು ಕರೆದರು. ಮದುವೆಯ ದಿನ ನೋಡಿದರೆ ಚಪ್ಪರದಡಿ ನಾಲ್ಕು ಕುರ್ಚಿ, ಒಂದೊಂದರ ಕಾಲೂ ಎದೆಮಟ್ಟ. ನಾಲ್ವರು ಬೀಗರೂ ಏಣಿ ಹತ್ತಿ ಕೂತರು. ಹಕ್ಕಿಯ ಪಂಜರ ಇಳಿಸುವುದಕ್ಕೆ ದಿನಾ ಸ್ಟೂಲ್ ಹತ್ತುವ ಪಾಕ್ ಸಲಿಮಾನ್ ಸಲೀಸಾಗಿ ಹತ್ತಿದ. ಬು ತುಮಿನಿಗೆ ಅರ್ಧದಲ್ಲಿ ಸೀರೆಯಂಥ ಬಾಟಿಕ್ ಬಟ್ಟೆ ತೊಡರಿತು. ಅವಳು ಬೀಗಿತಿಯ ಕೈ ಹಿಡಿದಳು, ಇಬ್ಬರೂ ಒಟ್ಟಿಗೆ ಹತ್ತಿದರು. ನಾಲ್ವರ ಕಾಲೂ ಗಾಳಿಯಲ್ಲಿ ತೂಗಾಡುತ್ತಿದ್ದವು.

ಜನ ಗುಸುಗುಸು ಶುರುಮಾಡುವ ಮುಂಚೆ ಪಾಕ್ ದರ್ಮಾಜಿ ಮೇಲಿನಿಂದಲೇ ಮೈಕ್ ತೆಗೆದುಕೊಂಡು, ಅರಮನೆಯ ಗಂಭೀರ ಭಾಷೆಯಲ್ಲಿ ಸಾರಿದರು: ತಂದೆತಾಯಿಯರ ಸ್ಥಾನ ಎಷ್ಟು ಎತ್ತರದ್ದು ಎಂಬುದನ್ನು ಮಕ್ಕಳ ಕಣ್ಣಿಗೆ ಕಾಣಿಸುವ ಸಲುವಾಗಿ, ಪೂರ್ವಿಕರ ಕಾಲದಲ್ಲಿ ಹೀಗೇ ಕೂರಿಸುವ ವಾಡಿಕೆ ಇತ್ತು, ಅದನ್ನು ಇಂದು ಮರಳಿ ತರುತ್ತಿದ್ದೇವೆ. ಜೀವಮಾನದಲ್ಲಿ ಒಂದು ಸಂಪ್ರದಾಯವನ್ನೂ ಮುರಿಯದಿದ್ದ ಮನುಷ್ಯ ಒಂದು ಸಂಪ್ರದಾಯವನ್ನೇ ಹುಟ್ಟಿಸಿದರು, ಹುಬ್ಬೂ ಕದಲಿಸದೆ.

ಗಿರಿ ಮಂಡಿಯೂರಿದ. ಹಣೆ ಮಾವನ ಮೊಣಕಾಲಿಗೆ ಸರಿಯಾಗಿ, ಒಂದು ಕೂದಲೆಳೆಯೂ ಹೆಚ್ಚುಕಮ್ಮಿಯಿಲ್ಲದೆ ಮುಟ್ಟಿತು. ಮಾವನ ಕೈ ಅವನ ತಲೆಯ ಮೇಲೆ ಬಂತು. ಇನ್ನೊಂದು ಕೈ ಕುರ್ಚಿಯ ಅಂಚನ್ನು ಹಿಡಿದೇ ಇತ್ತು.

"ನೋಯ್ತಿದೆಯಾ?" ಎಂದು ಮೆಲ್ಲಗೆ ಕೇಳಿದರು, ಅರಮನೆಯ ಭಾಷೆ ಬಿಟ್ಟು.

"ಇಲ್ಲ ಅಪ್ಪ," ಎಂದ ಗಿರಿ. ಅವರನ್ನು ಅಪ್ಪ ಎಂದದ್ದು ಅದೇ ಮೊದಲು.

ಆ ವರ್ಷದ ಮದುವೆಯ ಕಾಲದಲ್ಲಿ ಕ್ಲಾತೆನ್ ಸುತ್ತಿನ ಮೂರು ಮದುವೆಗಳಲ್ಲಿ ಎದೆಮಟ್ಟದ ಕುರ್ಚಿ ಕಾಣಿಸಿಕೊಂಡಿತು. ಒಂದರಲ್ಲಿ ಬೀಗರೊಬ್ಬರು ಊಟವಾಗುವ ತನಕ ಇಳಿಯಲು ಒಪ್ಪಲೇ ಇಲ್ಲವಂತೆ. ಬಡಗಿ ಈಗ ಅವನ್ನು ಬಾಡಿಗೆಗೆ ಕೊಡುತ್ತಾನೆ.